ಮಾದಪ್ಪನ ಪಾಲಾದ ಕೆಂದ

ಲೊಕ್ಕನಹಳ್ಳಿಯಲ್ಲಿ ಆ ಕಾಲಕ್ಕೆ ಮೂವರು ಮಾದಣ್ಣಂದಿರಿದ್ದರು. ಕುರಿ ಮಾದಣ್ಣ, ಕುಂಟ ಮಾದಣ್ಣ, ಮತ್ತು ಅವ್ನೆಬುಡು ಮಾದಣ್ಣ. ಮೊದಲಿನಿಬ್ಬರ ಹೆಸರಿಗೆ ಕಾರಣ ಹೇಳಬೇಕಾಗಿಲ್ಲ. ಮೂರನೆಯವನ ಹೆಸರಿಗೆ ಅವನ ಬಾಯಿಯೇ ಕಾರಣ. ಮಳೆ ಬರಲಿ, ಬಾರದಿರಲಿ, ಯಾರ ಮನೆಯ ಹಸು ಕರು ಹಾಕಲಿ, ಯಾರ ಮನೆಯ ಮಾಡಿಗೆ ಬೆಂಕಿ ಬೀಳಲಿ, ಬೆಟ್ಟದ ದೇವರ ಮೇಲೆ ಭಾರ ಹಾಕಿ ಆತ ಹೇಳುತ್ತಿದ್ದುದು ಒಂದೇ ಮಾತು: "ಮಾದಪ್ಪ ಅವ್ನೆ, ಬುಡು."

ಈ ಮಾತನ್ನು ಇಪ್ಪತ್ತೆರಡು ವರ್ಷ ದಿನಕ್ಕೆ ಹತ್ತು ಸಲ ಕೇಳಿದವಳು ಅವನ ಹೆಂಡತಿ ಕೆಂಪಾಜಮ್ಮ. ಮೊದಲ ಸಲ ಕೇಳಿದ್ದು ಮದುವೆಯ ದಿನವೇ. ಹೆಣ್ಣಿನ ಕಡೆಯವರ ಗಾಡಿಯ ಅಚ್ಚು ಹನೂರಿನ ಹತ್ತಿರ ಮುರಿದು, ಮುಹೂರ್ತ ಮೀರುತ್ತಿದೆ ಎಂದು ಎರಡೂ ಕಡೆಯ ಹಿರಿಯರು ಒಬ್ಬರ ಮೇಲೊಬ್ಬರು ಹಾರಾಡುತ್ತಿದ್ದರೆ ಮದುವಣಿಗ ಚಪ್ಪರದ ಕೆಳಗೆ ಕೂತು ಕಡಲೆಪುರಿ ತಿನ್ನುತ್ತಿದ್ದನಂತೆ. ಹೆಣ್ಣು ನಡೆದುಕೊಂಡು ಬಂದು ಚಪ್ಪರ ಮುಟ್ಟಿದಾಗ ಅವಳ ಕಾಲಿನ ಧೂಳು ನೋಡಿ, "ನಾನು ಏಳಿರ್ನಿಲ್ವಾ, ಮಾದಪ್ಪ ಅವ್ನೆ, ಬತ್ತಾಳೆ ಬುಡು ಅಂತ" ಎಂದನಂತೆ. ಎಂಟು ಮೈಲಿ ನಡೆದದ್ದು ಮಾದಪ್ಪನ ಕಾಲಲ್ಲ, ತನ್ನ ಕಾಲು ಎಂದು ಕೆಂಪಾಜಮ್ಮನಿಗೆ ಅವತ್ತೇ ಹೇಳಬೇಕೆನಿಸಿತ್ತು. ಹೊಸ ಮದುವಣಗಿತ್ತಿ, ಬಾಯಿ ಕಚ್ಚಿಕೊಂಡಳು. ಆಮೇಲೆ ಅಂಥ ತಪ್ಪನ್ನು ಅವಳು ಮತ್ತೆಂದೂ ಮಾಡಲಿಲ್ಲ.

ಹಾಗೆಂದು ಮಾದಣ್ಣ ಸೋಮಾರಿಯಲ್ಲ. ಕೋಳಿ ಕೂಗುವ ಮುಂಚೆ ಏಳುವವನು, ಹೊಲ ಉಳುವುದರಲ್ಲಿ ಊರಿಗೆಲ್ಲ ಮುಂದು. ಕೆಲಸವನ್ನೆಲ್ಲ ಮಾಡುತ್ತಿದ್ದ, ಚಿಂತೆಯನ್ನು ಮಾತ್ರ ಮಾಡುತ್ತಿರಲಿಲ್ಲ. ಒಂದು ವರ್ಷ ಕಾಡಿನಿಂದ ಆನೆ ಇಳಿದು ಕೊಯ್ಲಿಗೆ ಬಂದ ರಾಗಿಯನ್ನು ಅರ್ಧಕ್ಕರ್ಧ ಮೇದು ಹೋದಾಗ ಅವನು ಹೊಲದ ಬದುವಿನ ಮೇಲೆ ನಿಂತು, "ಅವುನ್ ಆನೆ, ಅವುನ್ ರಾಗಿ, ನಡುವೆ ನಂದೇನು?" ಎಂದಿದ್ದ. "ಅಂಗಾರೆ ಮುದ್ದೇನೂ ಅವುನೇ ಬಂದು ತೊಳಸ್ಲಿ, ನಾ ಒಲೆ ಅಚ್ಚಾಕಿಲ್ಲ" ಎಂದು ಕೆಂಪಾಜಮ್ಮ ಎರಡು ದಿನ ಒಲೆ ಹಚ್ಚಲಿಲ್ಲ. ಮಾದಣ್ಣ ಹಸಿ ಕಡಲೆಕಾಯಿ ತಿಂದುಕೊಂಡು ಆರಾಮಾಗಿದ್ದ. ಮೂರನೆಯ ದಿನ ಸೋತವಳು ಅವಳೇ.

ಹೀಗಾಗಿ ಆ ಮನೆಯಲ್ಲಿ ಗಂಡನ ಪಾಲಿನ ಚಿಂತೆಯನ್ನೂ ಹೆಂಡತಿಯೇ ಹೊತ್ತಿದ್ದಳು. ಬೈಗುಳವೂ ಇಬ್ಬರಿಗಾಗುವಷ್ಟು ಅವಳ ಬಾಯಲ್ಲೇ ಇತ್ತು. ಇವನಿಗೆ ಹೊಟ್ಟೆಯೊಳಗೆ ಕರುಳಿದೆಯೋ ಇಲ್ಲಾ ಬರೀ ಒಣಹುಲ್ಲು ತುಂಬಿದೆಯೋ ಎಂದು ಅವಳು ನೀರಿನ ಬಾವಿಯ ಹತ್ತಿರ ನೆರೆಯ ಸೋಮಮ್ಮನನ್ನು ಎಷ್ಟೋ ಸಲ ಕೇಳಿದ್ದಳು. ತಮಾಷೆಗೆ ಕೇಳಿದಂತಿದ್ದರೂ ಅದು ತಮಾಷೆಯಾಗಿರಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಶ್ರಾವಣದಲ್ಲಿ ಕೆಂದ ಕಳೆದುಹೋದ.

ಕೆಂದ ಎಂದರೆ ಅವರ ಜೋಡಿ ಎತ್ತಿನಲ್ಲಿ ಕೆಂಪನೆಯದು. ಇನ್ನೊಂದು ಮಾಸಲು ಬಣ್ಣದ್ದು, ಅದರ ಹೆಸರು ಮಾಸ. ಮಾಸ ಮಾತು ಕೇಳುವ ಪ್ರಾಣಿ. ಕೆಂದನಾದರೋ ಮಾದಣ್ಣ ಒಬ್ಬನ ಮಾತು ಕೇಳುವ ಪ್ರಾಣಿ; ಕರುವಾಗಿದ್ದಾಗ ತಾಯಿ ಸತ್ತಿದ್ದರಿಂದ ಮಾದಣ್ಣ ಬೆರಳು ಚೀಪಿಸಿ ಗಂಜಿ ಕುಡಿಸಿ ಬೆಳೆಸಿದ್ದ. ಭಾನುವಾರ ಸಂಜೆ ಒಳ್ಳೆಯ ಮಳೆ ಬಿತ್ತು. ರಾಗಿ ಬಿತ್ತಲು ಕಾದು ಕೂತಿದ್ದ ಊರೆಲ್ಲ ಎದ್ದು ಕೂರಿಗೆ ತೊಳೆಯಿತು. ಆದರೆ ಮಾರನೆಯ ದಿನ ಸೋಮವಾರ. ಸೋಮವಾರ ಆ ಕಡೆ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವನಿಗೆ ರಜಾ. ಮಂಗಳವಾರ ಶುರುಮಾಡಿದರೂ ಶುಕ್ರವಾರದವರೆಗೆ ನೆಲದಲ್ಲಿ ಹದ ಇರುತ್ತದೆ, ಆಮೇಲೆ ಬಿತ್ತಿದರೆ ಹಕ್ಕಿಗೆ ಬಿತ್ತಿದಂತೆ ಎಂದು ಎಲ್ಲರಿಗೂ ಲೆಕ್ಕ ಗೊತ್ತಿತ್ತು. ಮಾದಣ್ಣ ಸೋಮವಾರ ಬೆಳಿಗ್ಗೆ ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಬಳಿದು, ಕೊಂಬಿಗೆ ತುಂಬೆಹೂ ಸುತ್ತಿ, ಕೈಮುಗಿದು ಕೆರೆ ಬಯಲಿಗೆ ಬಿಟ್ಟ. ಸಂಜೆ ಮಾಸ ಒಂದೇ ಮನೆಗೆ ಬಂತು.

ಕೆಂಪಾಜಮ್ಮ ಬಾಯಿ ಬಾಯಿ ಬಡಿದುಕೊಂಡಳು. ಹುಲಿ ಹಿಡಿಯಿತೋ, ಕಳ್ಳರು ಹೊಡೆದುಕೊಂಡು ಹೋದರೋ, ಬಾವಿಗೆ ಬಿತ್ತೋ.

"ಎಲ್ಲೋಯ್ತದೆ? ಮಾದಪ್ಪ ಅವ್ನೆ..."

"ಬುಡು ಅಂದ್ಗಿಂದೀಯೆ! ಒಂಟಿ ಎತ್ತಿಗೆ ಜೊತೆಗೆ ನಿನ್ನ ಕಟ್ಟಿ ಉಳ್ತೀನಿ, ನೋಡ್ತಿರು!"

ಮಂಗಳವಾರ ಇಡೀ ದಿನ ಕಾಡಿನ ಅಂಚಿನಲ್ಲಿ ಹುಡುಕಿದರು. ಅಕ್ಕಪಕ್ಕದ ಹೊಲಗಳಲ್ಲಿ ಎಲ್ಲರ ಕೂರಿಗೆಯೂ ಓಡುತ್ತಿತ್ತು. ಹದದ ದಿನ ಇನ್ನೊಬ್ಬರ ಎತ್ತು ಕೇಳುವುದು, ಹಸಿದವನ ಬಾಯಿ ಹತ್ತಿರದ ತುತ್ತು ಕೇಳಿದ ಹಾಗೆ, ಯಾರೂ ಕೇಳುವುದಿಲ್ಲ. ಸಂಜೆ ಹೊತ್ತಿಗೆ ರೇಷ್ಮೆಗೂಡು ಕೊಟ್ಟು ಕೊಳ್ಳೇಗಾಲದಿಂದ ವಾಪಸ್ಸು ಬಂದ ಎದುರುಮನೆಯ ಜಡೇಸ್ವಾಮಿ ಸುದ್ದಿ ಕೇಳಿ ಜಗುಲಿಯ ಮೇಲೆ ಕುಸಿದು ಕೂತ.

"ಅಯ್ಯೋ, ನಾನೇ ನೋಡ್ದೆ ಕಣಕ್ಕಾ. ಕೊಳ್ಳೇಗಾಲದ ದಾರೀಲಿ ಬೆಟ್ಟದಿಂದ ಬತ್ತಿದ್ದ ಪರಸೆ ಜನ. ಅವ್ರ ಜೊತೆ ಕೆಂದನಂಗೇ ಒಂದು ಎತ್ತು. ಕುತ್ಗೆಲಿ ಚೆಂಡೂವಿನ ಆರ. ಎಲ್ರೂ ಉಘೇ ಉಘೇ ಅಂತಿದ್ರು."

"ನೋಡ್ಬುಟ್ಟು ಏನ್ ಮಾಡ್ದೆ?"

"ಕೈ ಮುಗ್ದೆ," ಎಂದ ಜಡೇಸ್ವಾಮಿ ತಲೆ ತಗ್ಗಿಸಿ. "ಕಡ್ಲೆಪುರಿ ತಿನ್ನಿಸ್ದೆ. ನಮ್ ಕೆಂದನಂಗೇ ಅವ್ನಲ್ಲಾ ಬಸವಪ್ಪ ಅಂದ್ಕಂಡೆ. ಅಡ್ಡಬಿದ್ದು ಬಂದೆ ಕಣಕ್ಕಾ."

ಆದದ್ದು ಇಷ್ಟು. ಅಗರದ ಕಡೆಯ ಪರಸೆಯವರು ಮಾದಪ್ಪನ ಬೆಟ್ಟದಿಂದ ಹಿಂದಿರುಗುವಾಗ ನೆಂಟರ ಮನೆಗೆಂದು ಲೊಕ್ಕನಹಳ್ಳಿಗೆ ಸುತ್ತುಹಾಕಿ, ಕೆರೆ ಬಯಲಲ್ಲಿ ಕೂತು ಬುತ್ತಿ ಬಿಚ್ಚಿದ್ದರು. ಕೆಂದನಿಗೆ ಬೆಲ್ಲದ ವಾಸನೆ ಸಿಕ್ಕಿತು. ಪ್ರಸಾದದ ಬೆಲ್ಲ ತಿಂದು ಅವರ ಹಿಂದೆಯೇ ಹೊರಟಿತು. ವಿಭೂತಿ ಬಳಿದುಕೊಂಡು, ಹೂ ಸುತ್ತಿಕೊಂಡು, ಸೋಮವಾರದ ದಿನ, ಕರೆಯದೆ ಹಿಂದೆ ಬಂದ ಎತ್ತನ್ನು ಆ ಭಕ್ತರು ಏನೆಂದುಕೊಳ್ಳಬೇಕು? ಮಾದಪ್ಪನೇ ಬಸವನನ್ನು ಜೊತೆಗೆ ಕಳಿಸಿದ್ದಾನೆ ಎಂದುಕೊಂಡರು. ಮಾದಣ್ಣನೇ ಆ ಜಾಗದಲ್ಲಿದ್ದಿದ್ದರೂ ಹಾಗೆಯೇ ಅಂದುಕೊಳ್ಳುತ್ತಿದ್ದ. ಕೆಂಪಾಜಮ್ಮನೂ ಅಂದುಕೊಳ್ಳುತ್ತಿದ್ದಳು, ಆದರೆ ಅದನ್ನು ಅವಳ ಮುಂದೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಬುಧವಾರ ಬೆಳಕು ಹರಿಯುವ ಮುಂಚೆ ಗಂಡ ಹೆಂಡತಿ ಹೊರಟರು. ಗಂಡನೊಬ್ಬನನ್ನೇ ಕಳಿಸಿದರೆ ಯಾವುದಾದರೂ ಮರದ ಕೆಳಗೆ ಕೂತು ಭಜನೆ ಮಾಡಿಯಾನು ಎಂದು ಅವಳೂ ಹೊರಟಳು. ಹೂ ಕಂಡವರು, ಪರಸೆ ಕಂಡವರು, ಸೆಗಣಿ ಕಂಡವರು, ಎಲ್ಲರನ್ನೂ ಕೇಳುತ್ತ ಕೊಳ್ಳೇಗಾಲ ತಲುಪುವಾಗ ಹೊತ್ತು ನೆತ್ತಿಗೆ ಬಂದಿತ್ತು. ಗೂಡು ಬೇಯಿಸುವ ಬಾಣಲೆಗಳ ವಾಸನೆಯಲ್ಲಿ ಮೂಗು ಮುಚ್ಚಿಕೊಂಡು ಅವಳು ದಾರಿಯಲ್ಲಿ ಸಿಕ್ಕ ಒಬ್ಬ ಪೋಲೀಸಪ್ಪನನ್ನು ತಡೆದು ನಿಲ್ಲಿಸಿ, ಎತ್ತು ಹಿಡಿದುಕೊಡಿ ಎಂದಳು.

"ಎತ್ತು ಎಂಗೆ ಪೋಚ್ಚು ಅಮ್ಮಾ?" ಎಲ್ಲಿಗೆ ಹೋಯಿತೆಂದು ಅವನು ತಮಿಳಿನಲ್ಲೇ ಕೇಳಿದ; ಕೊಳ್ಳೇಗಾಲ ಆಗ ಮದ್ರಾಸಿಗೆ ಸೇರಿತ್ತು.

"ಅಗರದ ಕಡೆ, ಯಳಂದೂರ್ ದಾರಿ."

"ಅಪ್ಪೊ ಅದು ಮೈಸೂರು ಗೌರ್ಮೆಂಟು. ನಾನು ಮದ್ರಾಸು ಗೌರ್ಮೆಂಟು. ಎತ್ತು ಗಡಿ ದಾಟುವ ಮೊದಲೇ ಹೇಳಬೇಕಾಗಿತ್ತು," ಎಂದು ಅವನು ಬಹಳ ವಿಷಾದದಿಂದ ಬೀಡಿ ಹಚ್ಚಿಕೊಂಡ. ಕೆಂದ ಎರಡೇ ದಿನದಲ್ಲಿ ದೇವರೂ ಆಗಿ, ಸರಕಾರವನ್ನೂ ಬದಲಾಯಿಸಿದ್ದ.

ಅಗರ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಹುಡುಕುವ ಕಷ್ಟವೇ ಬರಲಿಲ್ಲ. ಊರ ನಡುವಿನ ದೊಡ್ಡ ಮನೆಯೊಂದರ ಮುಂದೆ ಜನ ಸೇರಿತ್ತು. ಜನದ ನಡುವೆ ಚಾಪೆ ಹಾಸಿತ್ತು. ಚಾಪೆಯ ಮೇಲೆ ಕೆಂದ ಕಾಲು ಮಡಚಿ ಮಲಗಿ, ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿತ್ತು. ಮೂಗುದಾರ ಬಿಚ್ಚಿಹಾಕಿದ್ದರು, ಕೊರಳ ಗಂಟೆಯನ್ನೂ ತೆಗೆದು ಆ ಜಾಗಕ್ಕೆ ಹೂವಿನ ಹಾರ ಹಾಕಿದ್ದರು. ಒಬ್ಬಾಕೆ ಬೀಸಣಿಗೆಯಲ್ಲಿ ನೊಣ ಓಡಿಸುತ್ತಿದ್ದಳು. ಕೆಂಪಾಜಮ್ಮನಿಗೆ ತನ್ನ ಜನ್ಮದಲ್ಲಿ ಯಾರೂ ಹಾಗೆ ಗಾಳಿ ಬೀಸಿರಲಿಲ್ಲ.

"ಲೇ ಕೆಂದಾ!" ಎಂದು ಕೂಗಿದಳು.

ಕೆಂದ ಒಂದು ಕಿವಿ ಆಡಿಸಿತು, ಅಷ್ಟೆ. ಜನ ತಿರುಗಿ ನೋಡಿದರು. ಊರಿನ ಹಿರಿಯರಾದ ಶಿವರುದ್ರಸ್ವಾಮಿಯವರು ಮುಂದೆ ಬಂದು ಯಾರು, ಏನು ಎಂದು ವಿಚಾರಿಸಿದರು. ಇವಳು ಒಂದೇ ಉಸಿರಿಗೆ ಒದರಿದಳು: ಇದು ನಮ್ಮ ಎತ್ತು, ವಿಭೂತಿ ಬಳಿದದ್ದು ನನ್ನ ಗಂಡ, ಹೂ ಕಿತ್ತು ಕೊಟ್ಟದ್ದು ನಾನು, ಶುಕ್ರವಾರಕ್ಕೆ ಹದ ಮುಗಿಯುತ್ತದೆ.

"ಎಗಲು ನೋಡಿ ಸಾಮಿ, ನೊಗ ಒತ್ತಿ ಒತ್ತಿ ಕಾಯಿ ಕಟ್ಬುಟ್ಟದೆ."

"ಶಿವನ್ನೇ ಒತ್ತಿರೋ ಎಗಲಮ್ಮ ಅದು," ಎಂದರು ಶಿವರುದ್ರಸ್ವಾಮಿ. "ಕಾಯಿ ಕಟ್ಟದೆ ಇದ್ದಾತಾ?"

ಬೀಸಣಿಗೆ ಹಿಡಿದಿದ್ದ ಹೆಂಗಸು ಆಗ ಎದ್ದು ಬಂದಳು. ಅವಳು ಆ ಮನೆಯ ಯಜಮಾನಿ ಮಹಾದೇವಮ್ಮ. ಗಂಡ ಚಿಕ್ಕಮಾದಪ್ಪ ಮೂರು ತಿಂಗಳ ಹಿಂದೆ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಮೂಳೆ ಕೂಡಿದ ಮೇಲೂ ಎದ್ದು ನಿಲ್ಲಲು ಹೆದರಿ ಮಂಚ ಹಿಡಿದಿದ್ದ. ಅವಳು ಬರಿಗಾಲಲ್ಲಿ ಬೆಟ್ಟಕ್ಕೆ ಹೋಗಿ ಹರಕೆ ಹೊತ್ತು ಬಂದಿದ್ದಳು. ಹಿಂದೆಯೇ ಬಂದ ಬಸವ ನೇರವಾಗಿ ಅವರ ಬಾಗಿಲಿಗೇ ಬಂದು ಒಳಗೆ ಮೂತಿ ಚಾಚಿದಾಗ, ಮಲಗಿದ್ದ ಚಿಕ್ಕಮಾದಪ್ಪ ಕೈಮುಗಿಯಲು ಧಡಕ್ಕನೆ ಎದ್ದು ನಿಂತುಬಿಟ್ಟ. ಆ ಬಾಗಿಲಲ್ಲಿ ಬೂಸಾ ಚೀಲ ಇತ್ತೆಂಬುದನ್ನು ಯಾರೂ ಗಮನಿಸಲಿಲ್ಲ, ಗಮನಿಸುವ ಅಗತ್ಯವೂ ಇರಲಿಲ್ಲ. ಮನುಷ್ಯ ನಿಂತಿದ್ದ. ಈಗಲೂ ಜಗುಲಿಯ ಕಂಬ ಹಿಡಿದು ನಿಂತಿದ್ದ, ನಗುತ್ತಿದ್ದ.

"ನಿಮ್ಮೆತ್ತೇ ಇರ್ಬೋದಮ್ಮ," ಎಂದಳು ಮಹಾದೇವಮ್ಮ, ಕಣ್ಣಲ್ಲಿ ನೀರು ತುಂಬಿಕೊಂಡು. "ನಂಗೆ ಮಾತ್ರ ಅದು ದೇವ್ರು."

ಮದುವೆಯ ದಿನ ಬಿಟ್ಟರೆ ಕೆಂಪಾಜಮ್ಮನ ಬಾಯಿ ಮೊದಲ ಸಲ ಕಟ್ಟಿತು. ಶಿವರುದ್ರಸ್ವಾಮಿಯವರು ಮಾದಣ್ಣನ ಕಡೆ ತಿರುಗಿದರು. ಅವನು ಅಷ್ಟು ಹೊತ್ತೂ ಚಾಪೆಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ.

"ನೀನೇಳಪ್ಪ. ಈ ಎತ್ತು ನಿಂದೋ, ಮಾದಪ್ಪಂದೋ?"

ಮಾದಣ್ಣ ಕಂಬ ಹಿಡಿದು ನಿಂತವನನ್ನು ನೋಡಿದ. ಕೆಂದನ ಕೊರಳಡಿ ಜೋಲುವ ಗಂಗೆದೊಗಲಿನ ಕೆಳಗೆ ಕೈ ಹಾಕಿ ಒಂದು ಸಲ ನೀವಿದ.

"ಮಾದಪ್ಪಂದೇ ಸಾಮಿ," ಎಂದ.

ಇವನ ಬಾಯಿಗಿಷ್ಟು ಕೆಂಡ ಹಾಕಬೇಕು ಎನಿಸಿತು ಕೆಂಪಾಜಮ್ಮನಿಗೆ. ಆನೆ ತಿಂದ ರಾಗಿ ಮಾದಪ್ಪಂದಾಗಲಿ, ಅದು ಹೇಗಿದ್ದರೂ ಹೋಗಿತ್ತು. ಇದು ಕಣ್ಣೆದುರು ಮಲಗಿರುವ ಎತ್ತು. ಕೈಚಾಚಿದರೆ ಸಿಗುವ ಎತ್ತು. ಎರಡು ದಿನ ಕಳೆದರೆ ಹೊಲ ಬೀಳು, ಹೊಲ ಬೀಳುಬಿದ್ದರೆ ವರ್ಷವಿಡೀ ಕಂಡವರ ಕಣದಲ್ಲಿ ಕೂಲಿ. ಅವಳು ಏನಾದರೂ ಹೇಳುವ ಮುಂಚೆ ಮಾದಣ್ಣ ಎದ್ದು ನಿಂತು ಮಹಾದೇವಮ್ಮನಿಗೆ ಮೆಲ್ಲಗೆ ಹೇಳತೊಡಗಿದ.

"ಅವ್ವಾ, ಬೆಲ್ಲ ಜಾಸ್ತಿ ಕೊಡ್ಬ್ಯಾಡಿ, ಒಟ್ಟೆ ಉಬ್ಬರ್ಸ್ಕತದೆ. ಎಡಗಿವಿ ಒಳಗೆ ಉಣ್ಣೆ ಉಳ ಕಟ್ತವೆ, ವಾರಕ್ಕೊಂದ್ ದಪ ಬೆರ್ಳಾಕಿ ತಗೀರಿ. ಗುಡುಗು ಬಂದ್ರೆ ಎದ್ರುಕತದೆ, ಯಾರಾರ ಪಕ್ಕದಲ್ಲಿ ನಿಂತ್ಕಳಿ. ಮಾತಾಡ್ಬೇಕು ಅಂತಿಲ್ಲ, ಸುಮ್ಕೆ ನಿಂತ್ಕಂಡ್ರೆ ಸಾಕು."

ಇಷ್ಟು ಹೇಳಿ ಎಲ್ಲರಿಗೂ ಕೈಮುಗಿದು, ಟವಲು ಹೆಗಲಿಗೆ ಹಾಕಿಕೊಂಡು, ಕೊಳ್ಳೇಗಾಲದ ದಾರಿ ಹಿಡಿದು ನಡೆದೇಬಿಟ್ಟ. ಹೆಂಡತಿಯನ್ನೂ ಕರೆಯಲಿಲ್ಲ, ಹಿಂದಕ್ಕೂ ನೋಡಲಿಲ್ಲ.

ಕೆಂಪಾಜಮ್ಮ ಅಲ್ಲೇ ನಿಂತು ಶಿವರುದ್ರಸ್ವಾಮಿಯವರ ಜೊತೆ ಜಗಳ ಮುಂದುವರಿಸಲು ಉಸಿರು ಎಳೆದುಕೊಂಡಳು. ಅಷ್ಟರಲ್ಲಿ ಚಾಪೆಯ ಮೇಲೆ ಮೆಲುಕು ನಿಂತಿತು. ಕೆಂದ ತಲೆ ಎತ್ತಿ ಗಾಳಿ ಮೂಸಿತು. ಮಾದಣ್ಣನ ಬೆನ್ನು ಹುಣಸೆಮರ ದಾಟಿ ತಿರುವಿನಲ್ಲಿ ಮರೆಯಾಗುತ್ತಿತ್ತು. ಎತ್ತು ಮುಂಗಾಲೂರಿ ಎದ್ದಿತು, ಮೈ ಕೊಡವಿತು, ಎದುರಿಗಿದ್ದ ಬೆಲ್ಲದ ತಟ್ಟೆಯನ್ನು ಮೂಸಿಯೂ ನೋಡದೆ ನಡೆಯತೊಡಗಿತು.

"ಇಡೀರಿ, ಇಡೀರಿ!" ಎಂದು ಯಾರೋ ಕೂಗಿದರು.

"ಯಾರ್ಲಾ ಅವ್ನು ಇಡಿಯೋನು?" ಎಂದು ಶಿವರುದ್ರಸ್ವಾಮಿಯವರು ಗುಡುಗಿದರು. "ದೇವರ ಬಸವನ್ನ ಕಟ್ಟಂಗಿಲ್ಲ, ಅಡ್ಡ ನಿಲ್ಲಂಗಿಲ್ಲ. ಅಪ್ಪ ಬಂದ, ಕೆಲ್ಸ ಮುಗಿಸ್ದ, ಒಂಟವ್ನೆ. ದಾರಿ ಬುಡಿ!"

ದಾರಿ ಬಿಟ್ಟರು. ಬಿಟ್ಟದ್ದಷ್ಟೇ ಅಲ್ಲ, ಊರಿಗೆ ಊರೇ ಕೈಮುಗಿದುಕೊಂಡು ಹಿಂದೆ ನಡೆಯಿತು. ಮಹಾದೇವಮ್ಮ ಅಳುತ್ತ ನಗುತ್ತ ಒಂದು ಉಂಡೆ ಬೆಲ್ಲವನ್ನು ಕೆಂಪಾಜಮ್ಮನ ಕೈಗೆ ತುರುಕಿದಳು. ಚಿಕ್ಕಮಾದಪ್ಪ ಕಂಬ ಬಿಟ್ಟು ನಾಲ್ಕು ಹೆಜ್ಜೆ ಬೀದಿಗೆ ಬಂದ. ಅದನ್ನು ನೋಡಿದವರು ಕಡಮೆ, ಏಕೆಂದರೆ ಎಲ್ಲರ ಕಣ್ಣೂ ಎತ್ತಿನ ಬಾಲದ ಮೇಲಿತ್ತು.

ಬಿತ್ತನೆಯ ವಿಷಯ ಇಲ್ಲೇ ಹೇಳಿ ಮುಗಿಸಬೇಕು, ಇಲ್ಲದಿದ್ದರೆ ಓದುವ ರೈತರಿಗೆ ನಿದ್ದೆ ಬರುವುದಿಲ್ಲ. ಅವರು ಊರು ಸೇರಿದ್ದು ಗುರುವಾರ ಸಂಜೆ. ಶುಕ್ರವಾರ ಕೆಳಗಿನ ತಾಕು ಪೂರ್ತಿ ಹದಕ್ಕೆ ಸಿಕ್ಕಿ ರಾಗಿ ಬಿತ್ತಿದರು. ಮೇಲಿನ ತಾಕು ಒಣಗಿತ್ತು, ಅದಕ್ಕೆ ಆಮೇಲೆ ಹುರುಳಿ ಚೆಲ್ಲಿದರು. ಆ ವರ್ಷ ಮುದ್ದೆಗೆ ಕೊರತೆಯಾಗಲಿಲ್ಲ. ಕೆಂದ ಮಾತ್ರ ಎಂಟು ದಿನ ನೊಗ ಕಂಡರೆ ಮುಖ ತಿರುಗಿಸುತ್ತಿತ್ತು.

ಆದರೆ ಕೆಂಪಾಜಮ್ಮ ಸಾಯುವವರೆಗೆ ನೆನೆಯುತ್ತಿದ್ದುದು ಬಿತ್ತನೆಯನ್ನಲ್ಲ, ಅಗರದ ಆಚೆಯ ದಾರಿಯನ್ನು. ಎತ್ತು ತನ್ನ ಗತ್ತಿನಲ್ಲಿ ನಿಧಾನವಾಗಿ ಬರುತ್ತಿತ್ತು. ಊರವರು ಗದ್ದೆ ಬಯಲಿನವರೆಗೆ ಬಂದು ಅಡ್ಡಬಿದ್ದು ಹಿಂದೆ ಸರಿದರು. ಮುಂದೆ ದೂರದಲ್ಲಿ ಮಾದಣ್ಣ ಬಿರುಬಿರನೆ ಹೋಗುತ್ತಿದ್ದ. ಕೊರಳಲ್ಲಿ ಗಂಟೆಯಿಲ್ಲದ ಎತ್ತು ಹಿಂದೆ ಬರುತ್ತಿರುವುದು ಅವನಿಗೆ ಗೊತ್ತಿರಲಾರದು ಎಂದು ಅವಳಿಗೆ ಆಗ ಹೊಳೆಯಿತು. ಅಂದರೆ ಇವನು ಹೂಟ ಹೂಡಿ ಹಾಗೆ ಹೇಳಿದ್ದಲ್ಲ. ಎತ್ತನ್ನು ನಿಜವಾಗಿಯೂ ಕೊಟ್ಟೇ ಬಂದಿದ್ದ. ಅವಳಿಗೆ ಸಿಟ್ಟು ನೆತ್ತಿಗೇರಿತು. ಸೀರೆ ಎತ್ತಿ ಕಟ್ಟಿ, ಎತ್ತನ್ನು ಹಿಂದೆ ಹಾಕಿ, ಓಡಿ ಹೋಗಿ ಅವನ ಎದುರಿಗೆ ನಿಂತಳು. ಬೈಯಲು ಬಾಯಿ ತೆರೆದವಳು ಹಾಗೇ ನಿಂತಳು.

ಮಾದಣ್ಣ ಅಳುತ್ತಿದ್ದ. ಕಣ್ಣಂಚು ಒದ್ದೆಯಾಗಿದೆ ಎನ್ನುವ ಅಳುವಲ್ಲ. ಟವಲು ಬಾಯಿಗೆ ತುರುಕಿಕೊಂಡು, ಮೂಗು ಸುರಿಯುತ್ತ, ಮಕ್ಕಳ ಹಾಗೆ ಅಳುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಅವಳು ಆ ಮುಖವನ್ನು ಹಾಗೆ ನೋಡಿರಲಿಲ್ಲ.

"ಇಕಾ, ಒಸಿ ತಿರುಗಿ ನೋಡು," ಎಂದಳು, ಅವಳಿಗೇ ಕೇಳಿಸದಷ್ಟು ಮೆಲ್ಲಗೆ.

"ಬ್ಯಾಡ ಕಣೆ ಕೆಂಪಿ. ನೋಡುದ್ರೆ ಓಗಿ ಕುತ್ಗೆ ತಬ್ಕಬುಡ್ತೀನಿ. ಕೊಟ್ಟಾದ್ಮೇಲೆ ಅಂಗೆ ಮಾಡ್ಬಾರ್ದು."

"ನಿಂಗೂ ಅಳು ಬಂದದಾ? ಎಲ್ಲಾ ಮಾದಪ್ಪಂದು ಅಂತೀಯಲ್ಲ?"

"ಅವುಂದೇ. ಅಂಗಂತ ನೋವಾಗಕಿಲ್ವಾ? ನಂಗೂ ಪ್ರತಿ ದಪಾನೂ ಆಯ್ತದೆ, ಎದೆ ಡವಡವ ಅಂತದೆ. ಅವ್ನವ್ನೆ ಅಂತ ಏಳ್ಕತಾ ಏಳ್ಕತಾ ಸರಿಮಾಡ್ಕತೀನಿ." ಅವನು ಮೂಗು ಒರೆಸಿಕೊಂಡ. "ಅದೂ ಸಾಲ್ದೆ ಬಂದಾಗ ನೀನು ಬೈತೀಯಲ್ಲ ಊರಿಗೆಲ್ಲ ಕೇಳೋ ಅಂಗೆ, ಅದ್ರಲ್ಲಿ ನಂದೂ ಒಸಿ ಆಚೆಗೋಗ್ಬುಡ್ತದೆ. ಅಗುರಾಯ್ತದೆ. ಇವತ್ತು ಅಲ್ಲಿ ನೀನೂ ಸುಮ್ಕಾಗ್ಬುಟ್ಟೆ. ನಾನೇನ್ ಮಾಡ್ಲಿ?"

ಅಷ್ಟರಲ್ಲಿ ಕೆಂದ ಬಂದು ಮಾದಣ್ಣನ ಬೆನ್ನಿಗೆ ತನ್ನ ಒದ್ದೆ ಮೂತಿಯನ್ನು ಒತ್ತಿ ನಿಂತಿತು. ಮಾದಣ್ಣ ಬೆಚ್ಚಿದ. ತಿರುಗಲಿಲ್ಲ. ಕೈ ಹಿಂದಕ್ಕೆ ಚಾಚಿ ಮೂಗು, ಹಣೆ, ಕೊಂಬಿನ ಬುಡ, ಎಡಗಿವಿ ಒಂದೊಂದಾಗಿ ತಡವಿ ನೋಡಿದ. ಆಮೇಲೆ ಆ ದಾರಿಯ ನಡುವೆಯೇ ಕುಸಿದು ಕೂತುಬಿಟ್ಟ. ಅವನ ಬಾಯಿಂದ ಒಂದು ಮಾತೂ ಬರಲಿಲ್ಲ, ದಿನಕ್ಕೆ ಹತ್ತು ಸಲ ಹೇಳುವ ಮಾತು ಕೂಡ.

ಕೆಂಪಾಜಮ್ಮ ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡಳು. ಗಂಟಲು ಸರಿಮಾಡಿಕೊಂಡು, ಕೆಂದನನ್ನು ಬೈಯಲು ಶುರುಮಾಡಿದಳು. ಬೆಲ್ಲಕ್ಕೆ ಮನೆ ಮಾರಿಕೊಂಡವನೇ, ಚಾಪೆ ಮೇಲೆ ಮಲಗುವ ದೊರೆಮಗನೇ, ಎಂದು ಗದ್ದೆ ಬಯಲಿನ ಕೊಕ್ಕರೆಗಳೆಲ್ಲ ಎದ್ದು ಹಾರುವಷ್ಟು ಗಟ್ಟಿಯಾಗಿ, ಎಲ್ಲೂ ನಿಲ್ಲಿಸದೆ, ಇಬ್ಬರಿಗೂ ಆಗುವಷ್ಟು ಬೈದಳು.